ಜಡೆ ಡಿಸೈನ್ ಬರಬೇಕಾ? ಮೊದಲು ಬಿಚ್ಚೋದನ್ನು ಕಲಿಯಿರಿ

ನನ್ನ ಬೀರುವಿನಲ್ಲಿ 11 ಮಫ್ಲರ್ ಇವೆ. ಹನ್ನೊಂದೂ ಪ್ಲೇನ್. ಮದುವೆಯಾದ ವರ್ಷದಿಂದ ಹೆಣೆಯುತ್ತಾ ಬಂದಿದ್ದೇನೆ. ಮನೆಯವರಿಗೆ, ಓರಗಿತ್ತಿಯರಿಗೆ, ಅವರ ಮಕ್ಕಳಿಗೆ, ಹಾಲು ಹಾಕುವ ಹುಡುಗನಿಗೆ ಎಲ್ಲರಿಗೂ ಕೊಟ್ಟಾಯಿತು. ಇನ್ನು ಕೊಡೋಕೆ ಕುತ್ತಿಗೆಗಳೇ ಸಿಗದೆ ಉಳಿದವು ಇವು.

ಪ್ಲೇನ್ ಬಿಟ್ಟು ಬೇರೆಯದಕ್ಕೆ ಒಮ್ಮೆ ಕೈ ಹಾಕಿದ್ದೆ. ಕೇಬಲ್ ಅನ್ನುತ್ತಾರಲ್ಲ, ನಾವು ಜಡೆ ಡಿಸೈನ್ ಅನ್ನೋದು, ಅದರ ಸ್ವೆಟರ್. ನಾಲ್ಕನೇ ತಿರುವಿನಲ್ಲಿ ಒಂದು ಕುಣಿಕೆ ಜಾರಿತು. ಹಿಡಿಯಲು ಹೋದೆ, ಪಕ್ಕದ್ದೂ ಜಾರಿತು. ಗಾಬರಿಯಲ್ಲಿ ಎಳೆದೆ. ಏಣಿಯ ಮೆಟ್ಟಿಲಿನ ಹಾಗೆ ಸಾಲಿನಿಂದ ಸಾಲಿಗೆ ಬಿಚ್ಚಿಕೊಂಡಿತು. ಕಡ್ಡಿ ಸಮೇತ ಪ್ಲಾಸ್ಟಿಕ್ ಕವರಿಗೆ ತುರುಕಿ ಅಟ್ಟಕ್ಕೆ ಹಾಕಿದೆ. ಆಗ ಮನೆಗೆ ಬಂದಿದ್ದ ಹಿರಿಯ ನೆಂಟರೊಬ್ಬರು, "ನಿಂಗೆ ಪ್ಲೇನ್ ಚೆನ್ನಾಗಿ ಬರುತ್ತೆ, ಅದನ್ನೇ ಮಾಡ್ಕೊಂಡು ಹೋಗು" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೂ ಮುಂದಿನ 17 ವರ್ಷ ನಾನು ಅದನ್ನೇ ಮಾಡ್ಕೊಂಡು ಹೋದೆ.

ಹೋದ ವರ್ಷ ಅಟ್ಟ ಗುಡಿಸುವಾಗ ಆ ಕವರ್ ಸಿಕ್ಕಿತು. ತೆಗೆದು ನೋಡಿದರೆ ನನಗೇ ನಗು ಬಂತು. ಮೊದಲ ಮೂರೂ ತಿರುವು ಸರಿಯಾಗಿಯೇ ಇದ್ದವು! ಜಡೆ ಹೆಣೆಯೋದು ಆಗಲೇ ನನಗೆ ಬರುತ್ತಿತ್ತು. ಜಾರಿದ ಕುಣಿಕೆ ಎತ್ತೋದು ಬರುತ್ತಿರಲಿಲ್ಲ, ಅಷ್ಟೇ.

ಹಾಗಾಗಿ ಇಲ್ಲಿ ಪಾಠದ ಕ್ರಮ ಹಿಂದುಮುಂದಾಗಿದೆ. ಮೊದಲು ಬಿಚ್ಚೋದು, ಆಮೇಲೆ ಹೆಣೆಯೋದು. ಸೀದಾ ಮತ್ತು ಉಲ್ಟಾ ಎರಡೂ ಗೊತ್ತಿದ್ದು, ಅದರಾಚೆ ಕಾಲಿಡಲು ಅಳುಕುವವರಿಗಾಗಿ ಬರೆದದ್ದು.

ಕಡ್ಡಿ, ಉಲ್ಲನ್, ಒಂದು ಯು ಪಿನ್

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನ ವಿಷಯದಲ್ಲಿ ಒಮ್ಮೆ ನೆಲವೇ ಡೊಂಕಾಗಿತ್ತು. ಅಮೆರಿಕದ ಒಂದು ಪ್ಯಾಟರ್ನ್ ನೋಡಿ ಯಜಮಾನರಿಗೆ ಟೋಪಿ ಹೆಣೆದೆ. 8 ನಂಬರ್ ಕಡ್ಡಿ ಅಂತ ಬರೆದಿತ್ತು, ಮನೆಯಲ್ಲಿದ್ದ 8 ನಂಬರ್ ತೆಗೆದುಕೊಂಡೆ. ಟೋಪಿ ಪಕ್ಕದ ಮನೆಯ ಒಂದು ವರ್ಷದ ಮಗುವಿನ ತಲೆಗೆ ಸರಿಯಾಗಿ ಕೂತಿತು. ನನ್ನ ಕೈಯೇ ಬಿಗಿ, ನನಗೆ ಇದೆಲ್ಲ ಆಗಿಬರಲ್ಲ ಅಂದುಕೊಂಡು ಸುಮ್ಮನಾದೆ.

ವಿಷಯ ಏನೆಂದರೆ, ನಮ್ಮ ಅಂಗಡಿಗಳಲ್ಲಿ ನಡೆಯುವ ಹಳೆಯ ನಂಬರು ಬ್ರಿಟಿಷರ ಲೆಕ್ಕದ್ದು. ಅದರಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. 8 ನಂಬರ್ ಅಂದರೆ 4 ಮಿ.ಮೀ., 10 ನಂಬರ್ ಅಂದರೆ 3.25 ಮಿ.ಮೀ. ಅಮೆರಿಕದ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕಡ್ಡಿ ದಪ್ಪ. ಅವರ 8 ನಂಬರ್ 5 ಮಿ.ಮೀ. ಕಡ್ಡಿ ಕೊಳ್ಳುವಾಗ, ಪ್ಯಾಟರ್ನ್ ಓದುವಾಗ ಮಿ.ಮೀ. ಮಾತ್ರ ನೋಡಿ. ನನ್ನ ಕೈಯ ತಪ್ಪು ಅಂದುಕೊಂಡ ಎಷ್ಟೋ ವಿಷಯ ಕೊನೆಗೆ ಇಂಥ ಲೆಕ್ಕದ ತಪ್ಪಾಗಿತ್ತು.

ಈಗ ಬೇಕಾದದ್ದು: 4 ಮಿ.ಮೀ. ಕಡ್ಡಿ ಒಂದು ಜೊತೆ. ಬಿದಿರಿನದೋ ಮರದ್ದೋ ಸಿಕ್ಕರೆ ಒಳ್ಳೆಯದು, ಲೋಹದ ಕಡ್ಡಿಯಲ್ಲಿ ಕುಣಿಕೆ ಬೇಗ ಜಾರುತ್ತದೆ. 50 ಗ್ರಾಂ ಉಲ್ಲನ್ ಒಂದು ಉಂಡೆ. ಸಾದಾ ಅಕ್ರಿಲಿಕ್ ಸಾಕು, ಆದರೆ ತೀರಾ ಸಣ್ಣ ಎಳೆ ಬೇಡ. ತಿಳಿ ಬಣ್ಣ ಇರಲಿ. ಕಪ್ಪು, ಕಡುನೀಲಿ ಬೇಡವೇ ಬೇಡ, ಕುಣಿಕೆ ಕಣ್ಣಿಗೆ ಕಾಣೋದೇ ಇಲ್ಲ. ರೋಮ ರೋಮವಾಗಿರುವ ಉಲ್ಲನ್ನೂ ಬೇಡ, ಅದು ಬಿಚ್ಚೋಕೆ ಬಿಡೋದಿಲ್ಲ. ಒಂದು ಕ್ರೋಶಾ ಕಡ್ಡಿ, ಮೊಂಡು ಮೂತಿಯ ದಪ್ಪ ಸೂಜಿ, ಬೇರೆ ಬಣ್ಣದ ತೆಳು ದಾರ. ಜಡೆ ತಿರುವಲು ಬೇರೆ ಪುಟ್ಟ ಕಡ್ಡಿ ಸಿಗುತ್ತದೆ. ನಾನು ಕೊಂಡಿಲ್ಲ. ತುರುಬಿಗೆ ಸಿಕ್ಕಿಸುವ ಯು ಪಿನ್ ಸಾಕು. ಜಡೆ ಹಾಕೋಕೆ ತಲೆಪಿನ್ನೇ ಸರಿ, ಅಲ್ವಾ?

ಬೇಕಂತಲೇ ತಪ್ಪು ಮಾಡಿ

20 ಕುಣಿಕೆ ಹಾಕಿಕೊಳ್ಳಿ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ, ಹೀಗೆ 20 ಸಾಲು. ಇದು ಯಾರಿಗೂ ಕೊಡುವ ವಸ್ತುವಲ್ಲ. ಹಾಳು ಮಾಡಲೆಂದೇ ಹೆಣೆದ ತುಂಡು.

ನಯವಾದ ಮುಖವನ್ನು ಮೇಲೆ ಮಾಡಿ ಹಿಡಿಯಿರಿ. ಪ್ರತಿ ಕುಣಿಕೆಯೂ ಇಂಗ್ಲಿಷಿನ ವಿ ಅಕ್ಷರದ ಹಾಗೆ ಕಾಣುತ್ತದೆ. ಒಂದರ ಮೇಲೊಂದು ವಿ, ಜೋಳದ ತೆನೆಯಲ್ಲಿ ಕಾಳು ಜೋಡಿಸಿದ ಹಾಗೆ. ಹಿಂದುಗಡೆ ಅದೇ ಕುಣಿಕೆ ಸಣ್ಣ ಅಡ್ಡ ಉಬ್ಬಾಗಿ ಕಾಣುತ್ತದೆ. ಮುಂದೆ ವಿ ಇದ್ದರೆ ಸೀದಾ, ಉಬ್ಬು ಇದ್ದರೆ ಉಲ್ಟಾ. ಇಷ್ಟು ಗುರುತು ಸಿಕ್ಕರೆ, ಎಲ್ಲಿ ತಪ್ಪಿದೆ ಅಂತ ಬಟ್ಟೆಯೇ ಹೇಳುತ್ತದೆ.

ಈಗ ಧೈರ್ಯ ಮಾಡಿ ನಡುವಿನ ಒಂದು ಕುಣಿಕೆಯನ್ನು ಕಡ್ಡಿಯಿಂದ ಬೀಳಿಸಿ. ಸುಮ್ನೆ ನೋಡಿ. ಅದು ತಾನಾಗಿ ಅಷ್ಟು ಬೇಗ ಕೆಳಗೆ ಓಡೋದಿಲ್ಲ. ಬಟ್ಟೆಯನ್ನು ಅಕ್ಕಪಕ್ಕಕ್ಕೆ ಜಗ್ಗಿದಾಗ ಮಾತ್ರ ಒಂದೊಂದೇ ಸಾಲು ಇಳಿಯುತ್ತದೆ. ಇದು ಗೊತ್ತಾದ ದಿನ ನನ್ನ ಅರ್ಧ ಹೆದರಿಕೆ ಹೋಯಿತು. ಅವತ್ತು ನನ್ನ ಕೆಲಸ ಕೆಡಿಸಿದ್ದು ಜಾರಿದ ಕುಣಿಕೆಯಲ್ಲ, ನಾನು ಎಳೆದ ಎಳೆತ.

ನೀವೇ ಜಗ್ಗಿ ಅದನ್ನು ಐದು ಸಾಲು ಕೆಳಗಿಳಿಸಿ. ಈಗ ತಳದಲ್ಲಿ ಒಂದು ಕುಣಿಕೆ, ಅದರ ಮೇಲೆ ಐದು ಅಡ್ಡ ಎಳೆಗಳ ಏಣಿ. ನಯವಾದ ಮುಖ ನಿಮ್ಮ ಕಡೆಗಿರಲಿ. ಕ್ರೋಶಾ ಕಡ್ಡಿಯನ್ನು ಮುಂದಿನಿಂದ ಕುಣಿಕೆಯೊಳಗೆ ತೂರಿಸಿ. ಅದರ ಹಿಂದೆಯೇ ಮೇಲಿರುವ ಮೊದಲ ಮೆಟ್ಟಿಲನ್ನು ಕೊಕ್ಕೆಗೆ ಸಿಕ್ಕಿಸಿ ಕುಣಿಕೆಯ ಮೂಲಕ ಮುಂದಕ್ಕೆ ಎಳೆಯಿರಿ. ಒಂದು ಸಾಲು ಸರಿಯಾಯಿತು. ಮುಂದಿನ ಮೆಟ್ಟಿಲು. ಹೀಗೆ ಐದೂ ಮುಗಿದ ಮೇಲೆ ಕುಣಿಕೆಯನ್ನು ಎಡಗಡ್ಡಿಗೆ ಏರಿಸಿ. ಅದರ ಬಲಗಾಲು ಕಡ್ಡಿಯ ಮುಂದಿರಬೇಕು, ಇಲ್ಲದಿದ್ದರೆ ಕುಣಿಕೆ ಹೊರಳಿಕೊಳ್ಳುತ್ತದೆ.

ಮೊದಲ ಸಲ ನನಗೆ ಹತ್ತು ನಿಮಿಷ ಹಿಡಿಯಿತು. ಒಂದು ಮೆಟ್ಟಿಲು ಬಿಟ್ಟು ಹೋಗಿ ಮತ್ತೆ ಇಳಿಸಿದೆ. ಏಳನೇ ಸಲಕ್ಕೆ ಅಡುಗೆಮನೆಯಲ್ಲಿ ಕುಕ್ಕರ್ ಎರಡನೇ ವಿಷಲ್ ಹಾಕುವುದರೊಳಗೆ ಮುಗಿದಿತ್ತು. ನೀವೂ ಒಂದು ಹತ್ತು ಸಲ ಬೀಳಿಸಿ, ಎತ್ತಿ.

ಎರಡನೆಯದು, ಒಂದೊಂದೇ ಕುಣಿಕೆ ಹಿಂದಕ್ಕೆ ಬಿಚ್ಚೋದು. ಬಲಗಡ್ಡಿಯ ಮೇಲಿರುವ ಕೊನೆಯ ಕುಣಿಕೆಯ ಬುಡದಲ್ಲಿ ಹಿಂದಿನ ಸಾಲಿನ ಕುಣಿಕೆ ಇರುತ್ತದೆ. ಎಡಗಡ್ಡಿಯ ತುದಿಯನ್ನು ಮುಂದಿನಿಂದ ಅದರೊಳಗೆ ತೂರಿಸಿ, ಮೇಲಿನದನ್ನು ಬಿಟ್ಟು, ಎಳೆ ಜಗ್ಗಿ. ನಾಲ್ಕು ಕುಣಿಕೆ ಹಿಂದೆ ತಪ್ಪಾಗಿದ್ದರೆ ಇಷ್ಟು ಸಾಕು.

ನಾಲ್ಕು ಸಾಲು ಹಿಂದೆ ತಪ್ಪಾಗಿದ್ದರೆ? ಅದಕ್ಕೇ ಆ ತೆಳು ದಾರ. ಇಂಗ್ಲಿಷಿನಲ್ಲಿ ಲೈಫ್‌ಲೈನ್ ಅಂತಾರೆ, ನಾನು ಕಾವಲು ದಾರ ಅನ್ನುತ್ತೇನೆ. ಸರಿಯಾಗಿ ಮುಗಿದ ಒಂದು ಸಾಲು ಕಡ್ಡಿಯ ಮೇಲಿರುವಾಗಲೇ, ಸೂಜಿಗೆ ಬೇರೆ ಬಣ್ಣದ ದಾರ ಪೋಣಿಸಿ ಎಲ್ಲ ಕುಣಿಕೆಗಳೊಳಗೂ ಹಾಯಿಸಿ. ಎರಡೂ ಕಡೆ ಗೇಣುದ್ದ ದಾರ ಬಿಡಿ. ಆಮೇಲೆ ಏನೂ ಆಗಿಲ್ಲವೆಂಬಂತೆ ಹೆಣೆಯುತ್ತಾ ಹೋಗಿ. ಮುಂದೆ ಎಡವಟ್ಟಾದರೆ ಕಡ್ಡಿಯನ್ನೇ ಎಳೆದುಬಿಡಿ. ಉಲ್ಲನ್ ಹಿಡಿದು ಬರ್ರ್ ಅಂತ ಬಿಚ್ಚಿ. ಕಾವಲು ದಾರ ಬಂದ ಕೂಡಲೇ ಅಲ್ಲೇ ನಿಲ್ಲುತ್ತದೆ. ಒಂದು ಕುಣಿಕೆಯೂ ಜಾರೋದಿಲ್ಲ. ಮತ್ತೆ ಕಡ್ಡಿಗೆ ಏರಿಸುವಾಗ ಮೊದಲು 10 ನಂಬರಿನ ಸಣ್ಣ ಕಡ್ಡಿ ಬಳಸಿದರೆ ಕೆಲಸ ಸಲೀಸು.

ಹೀಗೆ ಬರ್ರನೆ ಬಿಚ್ಚೋದಕ್ಕೆ ಇಂಗ್ಲಿಷಿನವರು ಫ್ರಾಗಿಂಗ್, ಅಂದರೆ ಕಪ್ಪೆಯಾಟ ಅನ್ನುತ್ತಾರೆ. 'ರಿಪ್ ಇಟ್' ಅಂದರೆ ಬಿಚ್ಚು. ಅವರ ಕಿವಿಗೆ ಕಪ್ಪೆ ಕೂಗೋದೂ ಹಾಗೇ ಕೇಳಿಸುತ್ತದಂತೆ. ನಮ್ಮ ಕಪ್ಪೆಗಳು ವಟರ್ ವಟರ್ ಅನ್ನುವುದರಿಂದ ಈ ತಮಾಷೆ ನಮಗೆ ದಕ್ಕೋದಿಲ್ಲ. ಆದರೆ ಬಿಚ್ಚೋದಕ್ಕೆ ಒಂದು ತಮಾಷೆಯ ಹೆಸರಿದೆ ಅಂದರೆ, ಎಲ್ಲರೂ ಬಿಚ್ಚುತ್ತಾರೆ ಅಂತ ತಾನೇ ಅರ್ಥ?

ಜಡೆಯ ಹಿಂದೆ ದೊಡ್ಡ ಗುಟ್ಟೇನಿಲ್ಲ

ಜಡೆ ಡಿಸೈನ್ ಅಂದ ಕೂಡಲೇ ನೆನಪಾಗೋದು ಐರ್ಲೆಂಡಿನ ಪಶ್ಚಿಮಕ್ಕಿರುವ ಅರಾನ್ ದ್ವೀಪಗಳ ಕೆನೆ ಬಣ್ಣದ ಸ್ವೆಟರ್. ಒಂದೊಂದು ಮನೆತನಕ್ಕೂ ತನ್ನದೇ ಡಿಸೈನ್ ಇತ್ತು, ಮುಳುಗಿ ಸತ್ತ ಮೀನುಗಾರರನ್ನು ಅದರಿಂದಲೇ ಗುರುತಿಸುತ್ತಿದ್ದರು ಅನ್ನುವ ಕಥೆ ಲೋಕದಲ್ಲೆಲ್ಲ ಓಡಾಡುತ್ತದೆ. ಕೇಳಿದರೆ ಇದು ರಕ್ತದಲ್ಲೇ ಬರಬೇಕಾದ ವಿದ್ಯೆ ಅನ್ನಿಸಿಬಿಡುತ್ತದೆ. ಆದರೆ ಆ ಸ್ವೆಟರ್‌ಗಳು ಈಗಿನ ರೂಪಕ್ಕೆ ಬಂದದ್ದು 20ನೇ ಶತಮಾನದಲ್ಲಿ. ಮನೆತನದ ಕಥೆಗೆ ಬೇರು ಅಂತ ಹೇಳೋದು 1904ರಲ್ಲಿ ರಂಗಕ್ಕೆ ಬಂದ ಒಂದು ಐರಿಷ್ ನಾಟಕವನ್ನು. ಅದರಲ್ಲಿ ತಂಗಿ ಸತ್ತ ಅಣ್ಣನ ಕಾಲುಚೀಲದ ಗುರುತು ಹಿಡಿಯುತ್ತಾಳೆ, ನಿಜ. ಆದರೆ ಮನೆತನದ ಡಿಸೈನ್ ನೋಡಿ ಅಲ್ಲ. ಹೆಣೆಯುವಾಗ ತಾನು ಬೀಳಿಸಿದ ನಾಲ್ಕು ಕುಣಿಕೆ ನೋಡಿ!

ಇನ್ನು ಜಡೆಯ ಕೆಲಸ ಇಷ್ಟು: ಆರು ಕುಣಿಕೆಗಳಲ್ಲಿ ಮೊದಲ ಮೂರನ್ನು ಪಕ್ಕಕ್ಕಿಟ್ಟು, ಕೊನೆಯ ಮೂರನ್ನು ಮೊದಲು ಹೆಣೆಯೋದು. ಸಾಲಿನಲ್ಲಿ ನಿಂತವರು ಜಾಗ ಬದಲಿಸಿಕೊಂಡ ಹಾಗೆ. ಎರಡೂ ಪಕ್ಕ ಉಲ್ಟಾ ಕುಣಿಕೆಗಳಿದ್ದರೆ ಅವು ಒಳಕ್ಕೆ ತಗ್ಗಿ, ಜಡೆ ಉಬ್ಬಿ ಕಾಣುತ್ತದೆ.

18 ಕುಣಿಕೆ, 6 ಸಾಲು

ನಾವು ಮಾಡೋದು ಚಳಿಗೆ ಕಿವಿ ಮುಚ್ಚುವ ಪಟ್ಟಿ. ಸ್ವೆಟರ್‌ಗೆ ಹೋಗಬೇಡಿ. ಅದಕ್ಕಿಂತ ಮುಖ್ಯವಾಗಿ, ಯಾರಿಗೂ ಮಾತು ಕೊಡಬೇಡಿ. ಬಸುರಿ ಸೊಸೆಗೆ "ಮಗೂಗೆ ಜಡೆ ಸ್ವೆಟರ್ ಹಾಕ್ತೀನಿ" ಅಂದುಬಿಟ್ಟರೆ ಮುಗಿಯಿತು. ಮಗು ಬಂದು ಅಂಬೆಗಾಲಿಟ್ಟರೂ ಸ್ವೆಟರ್ ಬಂದಿರೋದಿಲ್ಲ, ತಪ್ಪು ಮಾಡಿದೆ ಅನ್ನೋ ಭಾವನೆ ಮಾತ್ರ ಕಡ್ಡಿಯ ಮೇಲೆ ಕೂತಿರುತ್ತದೆ.

18 ಕುಣಿಕೆ ಹಾಕಿಕೊಳ್ಳಿ.

1ನೇ ಸಾಲು: 3 ಸೀದಾ, 3 ಉಲ್ಟಾ, 6 ಸೀದಾ, 3 ಉಲ್ಟಾ, 3 ಸೀದಾ.

2ನೇ ಸಾಲು: 6 ಸೀದಾ, 6 ಉಲ್ಟಾ, 6 ಸೀದಾ.

3 ಮತ್ತು 4ನೇ ಸಾಲು: 1 ಮತ್ತು 2ರ ಹಾಗೇ.

5ನೇ ಸಾಲು: 3 ಸೀದಾ, 3 ಉಲ್ಟಾ, ತಿರುವು, 3 ಉಲ್ಟಾ, 3 ಸೀದಾ.

6ನೇ ಸಾಲು: 2ರ ಹಾಗೇ. ಆಮೇಲೆ ಮತ್ತೆ 1ರಿಂದ.

ತಿರುವು ಹೀಗೆ. 5ನೇ ಸಾಲಿನಲ್ಲಿ ಮೊದಲ ಆರು ಕುಣಿಕೆ ಮುಗಿದ ಮೇಲೆ ಉಲ್ಲನ್ ಎಳೆಯನ್ನು ಹಿಂದಕ್ಕೆ ತನ್ನಿ. ಮುಂದಿನ ಮೂರು ಕುಣಿಕೆಗಳನ್ನು ಹೆಣೆಯದೆ ಯು ಪಿನ್ನಿಗೆ ಜಾರಿಸಿ. ಪಿನ್ ಬಟ್ಟೆಯ ಮುಂದುಗಡೆ, ನಿಮ್ಮ ಎದೆಯ ಕಡೆ ತೂಗಲಿ. ಅದನ್ನು ಮರೆತುಬಿಡಿ. ಎಡಗಡ್ಡಿಯ ಮುಂದಿನ ಮೂರು ಕುಣಿಕೆ ಸೀದಾ ಹೆಣೆಯಿರಿ. ಇಲ್ಲಿ ಮೊದಲನೆಯದು ಸ್ವಲ್ಪ ದೂರದಲ್ಲಿರುತ್ತದೆ, ಬಿಗಿಯಾಗಿರುತ್ತದೆ, ಕಡ್ಡಿ ಕಿರ್ರ್ ಅನ್ನುತ್ತದೆ. ಬಟ್ಟೆ ಮುದುಡಿ ಒಂದು ಕಡೆ ವಾಲುತ್ತದೆ. ಎಲ್ಲ ಕೆಟ್ಟಿತು ಅನ್ನಿಸೋದು ಇಲ್ಲೇ. ಕೆಟ್ಟಿಲ್ಲ. ಅದು ಇರಬೇಕಾದದ್ದೇ ಹಾಗೆ. ಮೊದಲ ಕುಣಿಕೆಯ ಎಳೆಯನ್ನು ಕೊಂಚ ಜಗ್ಗಿದರೆ ನಡುವೆ ತೂತು ಉಳಿಯೋದಿಲ್ಲ.

ಈಗ ಪಿನ್ನಿನ ಮೂರು ಕುಣಿಕೆಗಳನ್ನು ಸೀದಾ ಹೆಣೆಯಿರಿ. ಪಿನ್ನಿನಿಂದಲೇ ಹೆಣೆಯಲು ತಡವರಿಸಿದರೆ, ಅವನ್ನು ತಿರುಚದೆ ಎಡಗಡ್ಡಿಗೆ ವಾಪಸ್ ಹಾಕಿಕೊಂಡು ಹೆಣೆಯಿರಿ. ಯಾರೂ ಬೈಯೋದಿಲ್ಲ. ನಾನು ಈಗಲೂ ಹಾಗೇ ಮಾಡೋದು.

ಪಿನ್ ಮುಂದೆ ಇದ್ದರೆ ಜಡೆ ಎಡಕ್ಕೆ ವಾಲುತ್ತದೆ, ಹಿಂದೆ ಇದ್ದರೆ ಬಲಕ್ಕೆ. ಇಡೀ ಪಟ್ಟಿಗೆ ಒಂದೇ ಕಡೆ ಇಟ್ಟುಕೊಳ್ಳಿ. ಒಂದೇ ತಿರುವು ಹಾಕಿದಾಗ ಏನೂ ಕಾಣೋದಿಲ್ಲ, ಬರೀ ಗಂಟು ಅನ್ನಿಸುತ್ತದೆ. ಎರಡನೆಯದು ಬಿದ್ದು, ಮೇಲೆ ನಾಲ್ಕು ಸಾಲು ಹೆಣೆದ ಮೇಲೆ ನೋಡಿ. ಹಗ್ಗ ಹೊಸೆದ ಹಾಗೆ ಎದ್ದು ನಿಲ್ಲುತ್ತದೆ. ಆ ಹೊತ್ತಿಗೆ ನಾನು ಒಬ್ಬಳೇ ಇದ್ದೆ ಮನೆಯಲ್ಲಿ. ತೋರಿಸಲು ಯಾರೂ ಇಲ್ಲದೆ ಗೇಟಿನ ಹತ್ತಿರ ಹೋಗಿ ತರಕಾರಿಯವಳಿಗೆ ತೋರಿಸಿ ಬಂದೆ.

ಹುಣಸೆ ಬೀಜದ ಲೆಕ್ಕ

ಸಾಲು ಎಣಿಸೋದು ಮರೆತೇ ಹೆಚ್ಚು ಜನ ಎಡವುತ್ತಾರೆ. ಅದಕ್ಕೆ ಸಣ್ಣ ಯಂತ್ರಗಳಿವೆ, ಫೋನಿನಲ್ಲಿ ಆಪ್ ಇವೆ. ನನ್ನದು ಎರಡು ಬಟ್ಟಲು, ಆರು ಹುಣಸೆ ಬೀಜ. ಒಂದು ಸಾಲು ಮುಗಿದರೆ ಒಂದು ಬೀಜ ಆಚೆ ಬಟ್ಟಲಿಗೆ. ನಾಲ್ಕು ಬೀಜ ಆಚೆ ಹೋದವು ಅಂದರೆ ಮುಂದಿನದು ತಿರುವಿನ ಸಾಲು. ಆರೂ ಹೋದವು ಅಂದರೆ ಒಂದು ಸುತ್ತು ಮುಗಿಯಿತು, ಕಾವಲು ದಾರ ಹಾಕುವ ಹೊತ್ತು. ನಡುವೆ ಯಾರೋ ಬಾಗಿಲು ಬಡಿದರೂ ಬೀಜ ಅಲ್ಲೇ ಕೂತು ಲೆಕ್ಕ ಕಾಯುತ್ತವೆ.

ಮೊದಮೊದಲು ಹಗಲು ಬೆಳಕಿನಲ್ಲಿ ಕೂತುಕೊಳ್ಳಿ. ದಿನಕ್ಕೆ 20 ನಿಮಿಷ, ಒಂದೋ ಎರಡೋ ತಿರುವು. ಧಾರಾವಾಹಿ ನೋಡುತ್ತಾ ಮಾಡಬೇಡಿ. ಅದು ಪ್ಲೇನ್ ಮಫ್ಲರ್‌ಗೆ ಸರಿ.

ವಿಡಿಯೋ ನೋಡಿ ಕಲಿಯುವವರಿಗೆ ಒಂದು ಮಾತು. ಕೆಲವರು ಎಳೆಯನ್ನು ಬಲಗೈಯಲ್ಲಿ ಹಿಡಿದು ಕಡ್ಡಿಗೆ ಸುತ್ತುತ್ತಾರೆ, ಕೆಲವರು ಎಡಗೈಯಲ್ಲಿ ಹಿಡಿದು ಕಡ್ಡಿಯಿಂದ ಎತ್ತಿಕೊಳ್ಳುತ್ತಾರೆ. ಎರಡರಿಂದ ಬರುವ ಬಟ್ಟೆ ಒಂದೇ. ಅವರ ಕೈ ನನ್ನ ಕೈಯ ಹಾಗಿಲ್ಲ ಅಂತ ನಿಮ್ಮದನ್ನು ಬದಲಿಸಿಕೊಳ್ಳಬೇಡಿ. ವೇಗವನ್ನು ಅರ್ಧಕ್ಕೆ ಇಳಿಸಿಕೊಂಡು ನೋಡಿ. ಎಳೆ ಬೆರಳಲ್ಲಿ ನಿಲ್ಲೋದಿಲ್ಲ ಅನ್ನುವವರು ಮಲ್ಲಿಗೆ ಕಟ್ಟೋದನ್ನು ನೆನಪಿಸಿಕೊಳ್ಳಿ. ಬಿಗಿ ಹೆಚ್ಚಾದರೆ ತೊಟ್ಟು ಕತ್ತರಿಸುತ್ತದೆ, ಕಡಿಮೆಯಾದರೆ ಹೂ ಉದುರುತ್ತದೆ. ಆ ಹದ ನಿಮ್ಮ ಬೆರಳಿಗೆ ಆಗಲೇ ಗೊತ್ತು.

ಹಾಗೇ, ಚೌಕಗಳಲ್ಲಿ ಬರೆದ ಚಾರ್ಟ್ ನೋಡಿ ಓಡಿಹೋಗುವವರಿದ್ದಾರೆ. ಚುಕ್ಕಿ ರಂಗೋಲಿಯ ಪುಸ್ತಕ ಓದಿದ ಕಣ್ಣಿಗೆ ಅದು ಕಷ್ಟವಲ್ಲ. ಕೆಳಗಿನಿಂದ ಮೇಲಕ್ಕೆ ಓದಬೇಕು. ಮುಂಭಾಗದ ಸಾಲನ್ನು ಬಲದಿಂದ ಎಡಕ್ಕೆ, ಹಿಂಭಾಗದ್ದನ್ನು ಎಡದಿಂದ ಬಲಕ್ಕೆ. ಉಳಿದದ್ದು ಚುಕ್ಕಿ ಎಣಿಸುವ ಕೆಲಸ.

ತಿರುವು ತಪ್ಪಿದರೆ

ನನ್ನ ಪಟ್ಟಿಯ ಮೂರನೇ ತಿರುವಿನಲ್ಲಿ ಪಿನ್ ಹಿಂದೆ ಹೋಗಿತ್ತು. ಗೊತ್ತಾದದ್ದು ಆರನೆಯದಕ್ಕೆ ಬಂದಾಗ. ಮೂರು ದಾರಿಯಿದ್ದವು. ಕಾವಲು ದಾರದವರೆಗೆ ಬಿಚ್ಚೋದು ಒಂದು. ಆದರೆ ನಾನು ಹಳೆಯ ದಾರಗಳನ್ನು ಆಗಲೇ ಎಳೆದು ತೆಗೆದಿದ್ದೆ. ನೀವು ಕನಿಷ್ಠ ಕೊನೆಯ ಎರಡನ್ನಾದರೂ ಬಿಡಿ. ಎರಡನೆಯದು, ಜಡೆಯ ಆರು ಕುಣಿಕೆ ಮಾತ್ರ ಬೀಳಿಸಿ ಆ ತಿರುವಿನವರೆಗೆ ಏಣಿ ಇಳಿಸಿ, ಸರಿಯಾಗಿ ತಿರುವಿ, ಮೆಟ್ಟಿಲು ಮೆಟ್ಟಿಲಾಗಿ ಮತ್ತೆ ಮೇಲಕ್ಕೆ ಹೆಣೆಯೋದು. ಒಂದೇ ಕುಣಿಕೆಯಲ್ಲಿ ಮಾಡಿದ್ದನ್ನು ಆರರಲ್ಲಿ ಮಾಡೋದು, ಅಷ್ಟೇ. ಬಿಡುವಿದ್ದಾಗ ಒಮ್ಮೆ ಮಾಡಿ ನೋಡಿ. ಮೂರನೆಯದು, ಹಾಗೇ ಬಿಡೋದು. ನಾನು ಬಿಟ್ಟೆ. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಡೋದಿಲ್ಲವೇ, ಹಾಗೆ.

ಮುಗಿಸೋದು

ತಲೆಯ ಸುತ್ತಳತೆಗಿಂತ ಆರೇಳು ಸೆಂ.ಮೀ. ಕಡಿಮೆ ಉದ್ದ ಸಾಕು, ಪಟ್ಟಿ ಹಿಗ್ಗುತ್ತದೆ. ನನಗೆ 24 ತಿರುವು ಬೇಕಾದವು, 48 ಸೆಂ.ಮೀ. ಬಂತು. ಕುಣಿಕೆ ಮುಚ್ಚುವಾಗ ಕೈ ಸಡಿಲ ಇರಲಿ. ಎರಡು ತುದಿ ಜೋಡಿಸಿ ಅದೇ ಉಲ್ಲನ್ನಿನಿಂದ ಹೊಲಿಯಿರಿ. ಉಗುರು ಬೆಚ್ಚಗಿನ ನೀರಿಗೆ ಎರಡು ಹನಿ ಶಾಂಪೂ ಹಾಕಿ ನೆನೆಸಿ, ಹಿಂಡದೆ ಟವೆಲ್‌ನಲ್ಲಿ ಒತ್ತಿ, ಚಪ್ಪಟೆ ಹಾಸಿ ನೆರಳಲ್ಲಿ ಒಣಗಿಸಿ. ಅಕ್ರಿಲಿಕ್ ಆದರೆ ಇಸ್ತ್ರಿ ಪೆಟ್ಟಿಗೆ ಹತ್ತಿರವೂ ತರಬೇಡಿ. ಬಿಸಿಗೆ ಜಡೆಯ ಉಬ್ಬೆಲ್ಲ ಇಳಿದು ಲೊಳಲೊಳ ಆಗುತ್ತದೆ. ಆಮೇಲೆ ಏನು ಮಾಡಿದರೂ ಸರಿಹೋಗೋದಿಲ್ಲ. ಇಷ್ಟು ಹೊತ್ತು ಬಿಚ್ಚಿ ಸರಿಮಾಡಬಹುದು ಅಂತ ಹೇಳಿದ್ದಕ್ಕೆ ಇದೊಂದು ಅಪವಾದ.

ಪಟ್ಟಿಯನ್ನು ಯಜಮಾನರು ಬೆಳಗಿನ ವಾಕಿಂಗ್‌ಗೆ ಹಾಕಿಕೊಂಡು ಹೋಗುತ್ತಾರೆ. ಮೂರನೇ ತಿರುವು ಬಲಕ್ಕೆ ವಾಲಿರೋದು ಅವರಿಗೆ ಇನ್ನೂ ಗೊತ್ತಿಲ್ಲ. ಈಗ ನನ್ನ ಕಡ್ಡಿಯ ಮೇಲೆ ಕಾಲುಚೀಲ ಇದೆ. ಹಿಮ್ಮಡಿ ತಿರುಗಿಸುವ ಜಾಗಕ್ಕೆ ಬಂದು ನಿಂತಿದ್ದೇನೆ. ಎರಡು ಸಲ ಬಿಚ್ಚಿದ್ದಾಯಿತು. ನಿನ್ನೆ ರಾತ್ರಿ ಕೆಂಪು ಕಾವಲು ದಾರ ಹಾಯಿಸಿ ಮಲಗಿದೆ. ನಾಳೆ ಭಾನುವಾರ, ಮಧ್ಯಾಹ್ನ ಊಟ ಆದ ಮೇಲೆ ಮೂರನೇ ಸಲ.